ಹಸುಗೂಸಿನ ಉಲ್ಲನ್ ಟೋಪಿ: ಕೊಳ್ಳುವ ಮುನ್ನ, ತೊಡಿಸುವ ಮುನ್ನ

ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿ ಹೊರಬಿದ್ದರೆ ಸಾಕು, ಟೋಪಿಗಳು ತಾವಾಗಿ ಬಂದು ಸೇರುತ್ತವೆ. ನೋಡಲು ಬಂದ ಚಿಕ್ಕಮ್ಮ ಒಂದು ತಂದಿರುತ್ತಾರೆ, ಆಫೀಸಿನವರ ಉಡುಗೊರೆ ಪೆಟ್ಟಿಗೆಯಲ್ಲಿ ಸ್ವೆಟರಿನ ಜೊತೆ ಇನ್ನೊಂದು, ನಾಮಕರಣ ಮುಗಿಯುವ ಹೊತ್ತಿಗೆ ಅರ್ಧ ಡಜನ್. ಒಂದಕ್ಕೆ ನೆತ್ತಿಯ ಮೇಲೆ ನಿಂಬೆ ಗಾತ್ರದ ಗೊಂಡೆ, ಒಂದಕ್ಕೆ ಕರಡಿಯ ಕಿವಿ, ಇನ್ನೊಂದಕ್ಕೆ ಗದ್ದದ ಕೆಳಗೆ ಕಟ್ಟಲು ಮೊಳದುದ್ದದ ಲಾಡಿ. ಇವುಗಳಲ್ಲಿ ಮಗುವಿಗೆ ನಿಜವಾಗಿ ಒದಗುವುದು ಒಂದೋ ಎರಡೋ. ಉಳಿದವು ಫೋಟೊಗೊಮ್ಮೆ ತಲೆಯೇರಿ ಬೀರು ಸೇರುತ್ತವೆ. ಆ ಒಂದೆರಡನ್ನು ಗುರುತಿಸುವುದು ಹೇಗೆ, ಯಾವಾಗ ಹಾಕಬೇಕು ಎಂಬುದರ ಜೊತೆಗೆ ಯಾವಾಗ ತೆಗೆಯಬೇಕು ಎಂಬುದನ್ನೂ ಹೇಳಲೇಬೇಕು. ಏಕೆಂದರೆ ‘ಟೋಪಿ ಹಾಕು’ ಎನ್ನಲು ನಮ್ಮ ಮನೆಗಳಲ್ಲಿ ಹತ್ತು ಬಾಯಿ ಇರುತ್ತವೆ. ‘ಸಾಕು, ತೆಗಿ’ ಎನ್ನುವವರು ಅಪರೂಪ.

ಟೋಪಿ ಬೇಕಾಗುವುದಕ್ಕೆ ಕಾರಣ ಮಗುವಿನ ಮೈಯ ಅಳತೆಯಲ್ಲೇ ಇದೆ. ದೊಡ್ಡವರ ಮೈಯ ಒಟ್ಟು ಚರ್ಮದಲ್ಲಿ ತಲೆಯ ಪಾಲು ಹತ್ತರಲ್ಲಿ ಒಂದರಷ್ಟೂ ಇಲ್ಲ. ಹಸುಗೂಸಿನಲ್ಲಿ ಅದು ಸುಮಾರು ಐದರಲ್ಲಿ ಒಂದು. ಆ ತಲೆಯ ಮೇಲೆ ಕೂದಲು ಕಡಿಮೆ, ಚರ್ಮದಡಿಯ ಕೊಬ್ಬು ತೆಳು. ಒಳಗಿನ ಮಿದುಳಿಗೋ ರಕ್ತ ಧಾರಾಳವಾಗಿ ಹರಿಯುತ್ತಿರುತ್ತದೆ. ಹೀಗಾಗಿ ಮೈಯ ಶಾಖ ತಲೆಯಿಂದ ಬಲುಬೇಗ ಹೊರಹೋಗುತ್ತದೆ. ಚಳಿಯಾದರೆ ನಾವು ನಡುಗಿ ಬಿಸಿಯಾಗುತ್ತೇವೆ. ಆಗತಾನೆ ಹುಟ್ಟಿದ ಮಗುವಿಗೆ ಹಾಗೆ ನಡುಗಲು ಬರುವುದಿಲ್ಲ. ಬೆನ್ನ ಮೇಲೆ ಹೆಗಲುಮೂಳೆಗಳ ನಡುವೆ, ಕತ್ತಿನ ಸುತ್ತ, ಮೂತ್ರಪಿಂಡಗಳ ಬಳಿ ಕೂಡಿಟ್ಟುಕೊಂಡ ಕಂದು ಕೊಬ್ಬನ್ನು ಉರಿಸಿಯೇ ಅದು ಶಾಖ ಹುಟ್ಟಿಸಿಕೊಳ್ಳಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಆ ಕೊಬ್ಬಿನ ದಾಸ್ತಾನೂ ಅಷ್ಟಕ್ಕಷ್ಟೆ.

ಆದ್ದರಿಂದಲೇ ಹೆರಿಗೆ ಕೋಣೆಯಲ್ಲಿ ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ತಲೆಗೊಂದು ಟೋಪಿ ಹಾಕುವುದು. ನವಜಾತ ಶಿಶುವಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಿ ಎನ್ನುವುದೂ ಇದೇ ಕಾರಣಕ್ಕೆ. ತೂಕ ಕಡಿಮೆಯಿರುವ ಮಕ್ಕಳಿಗೆ ಈಗ ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಹೇಳಿಕೊಡುವ ‘ಕಾಂಗರೂ ಆರೈಕೆ’ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ತಾಯಿಯ ಬರಿಮೈಗೆ ಮಗುವನ್ನು ಕಟ್ಟಿಕೊಳ್ಳುವ ಈ ಪದ್ಧತಿಯಲ್ಲಿ ಮಗುವಿನ ಉಡುಪೆಂದರೆ ಲಂಗೋಟಿ, ಕಾಲುಚೀಲ ಮತ್ತು ಟೋಪಿ. ಅಂಗಿ ಬಿಟ್ಟರೂ ಟೋಪಿಯನ್ನು ಬಿಟ್ಟಿಲ್ಲ. ಈ ದಿನಗಳಲ್ಲಿ ಆಸ್ಪತ್ರೆಯವರು ಹೇಳಿದಷ್ಟು ಹೊತ್ತು ಟೋಪಿ ಇರಲಿ. ಒಂದೇ ಎಚ್ಚರ: ಮೊದಲು ಹಾಕಿದ ಟೋಪಿ ತೇವವಾಗಿದ್ದರೆ ಕೂಡಲೇ ಬದಲಿಸಿ. ಒದ್ದೆ ಟೋಪಿ ಬರಿತಲೆಗಿಂತ ಕಡೆ. ಆರುತ್ತಾ ಆರುತ್ತಾ ಶಾಖವನ್ನೂ ಸೆಳೆದುಕೊಂಡು ಹೋಗುತ್ತದೆ.

ಮಗು ಮನೆಗೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ದಿನ ತುಂಬಿ ಹುಟ್ಟಿ, ತೂಕ ಸರಿಯಾಗಿದ್ದು, ಹಾಲು ಚೆನ್ನಾಗಿ ಕುಡಿಯುತ್ತಿರುವ ಮಗುವಿಗೆ ಬೆಚ್ಚನೆಯ ಕೋಣೆಯೊಳಗೆ ಟೋಪಿ ಬೇಕಿಲ್ಲ. ಮಲಗಿಸುವಾಗಂತೂ ಬೇಡವೇ ಬೇಡ. ಚಳಿಯಲ್ಲಿ ಶಾಖ ಕಳೆದುಕೊಳ್ಳುವ ಅದೇ ತಲೆಯೇ ಸೆಖೆಯಲ್ಲಿ ಮಗು ತಣ್ಣಗಾಗುವ ದಾರಿ. ಅದನ್ನು ಮುಚ್ಚಿಟ್ಟರೆ ಮೈ ಕಾಯುತ್ತದೆ. ಜೊತೆಗೆ ನಿದ್ದೆಯಲ್ಲಿ ಹೊರಳಾಡುವಾಗ ಟೋಪಿ ಜಾರಿ ಮೂಗು–ಬಾಯಿಯ ಮೇಲೆ ಬರಬಹುದು; ಅದನ್ನು ಸರಿಸಿಕೊಳ್ಳುವ ಶಕ್ತಿ ಆ ಕೈಗಳಿಗಿಲ್ಲ. ಮೈ ಅತಿಯಾಗಿ ಬಿಸಿಯಾಗುವುದು, ಮಲಗಿದಾಗ ತಲೆ–ಮುಖ ಮುಚ್ಚಿಹೋಗುವುದು ಎರಡೂ ಶಿಶುಗಳ ಹಠಾತ್ ಸಾವಿಗೆ ನಂಟಿರುವ ಸಂಗತಿಗಳೆಂದು ವೈದ್ಯಲೋಕ ಗುರುತಿಸಿ ಬಹಳ ಕಾಲವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿಯೇ ಹೇಳಿತು: ಹುಟ್ಟಿದ ಮೊದಲ ಕೆಲವು ಗಂಟೆಗಳು ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಬಿಟ್ಟರೆ, ಮನೆಯೊಳಗೆ ಮಗುವಿಗೆ ಟೋಪಿ ಬೇಡ. ಕಡಿಮೆ ತೂಕದ ಮಗುವಾದರೆ ನಿಮ್ಮ ವೈದ್ಯರ ಮಾತೇ ಕೊನೆಯ ಮಾತು.

ಇಲ್ಲಿ ಅಜ್ಜಿಯರ ಜೊತೆ ಒಂದು ಸಣ್ಣ ಜಟಾಪಟಿ ಖಾತರಿ. ‘ಕಿವಿಗೆ ಗಾಳಿ ಹೋದರೆ ಶೀತ ಆಗುತ್ತೆ, ಕಿವಿ ಸೋರುತ್ತೆ’ ಎಂಬುದು ಅವರ ವಾದ. ಮಕ್ಕಳ ಕಿವಿಯ ಸೋಂಕು ಹೊರಗಿನ ಗಾಳಿಯಿಂದ ಬರುವುದಿಲ್ಲ. ನೆಗಡಿಯಾದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಒಳಗಿನಿಂದಲೇ ಹಬ್ಬುತ್ತದೆ. ಇಷ್ಟು ಹೇಳಿದರೂ ಅವರು ಒಪ್ಪದಿರಬಹುದು. ಆಗ ವಾದಕ್ಕಿಂತ ಒಪ್ಪಂದ ಮೇಲು: ಎಣ್ಣೆ ನೀರು ಹಾಕಿದ ಮೇಲೆ ತಲೆ ಪೂರ್ತಿ ಒರೆಸಿ, ಸ್ವಲ್ಪ ಹೊತ್ತು ಟೋಪಿ ಹಾಕಿ ಮಡಿಲಲ್ಲಿ ಇಟ್ಟುಕೊಳ್ಳಲಿ, ಮಲಗಿಸುವಾಗ ತೆಗೆದುಬಿಡಲಿ. ನೆತ್ತಿಯ ಬಗ್ಗೆಯೂ ಒಂದು ಮಾತು. ತಲೆಯ ಮುಂಭಾಗದ ಆ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಟೋಪಿ ಹಾಕಿದರೆ ಬೇಗ ಕೂಡುವುದೂ ಇಲ್ಲ, ಹಾಕದಿದ್ದರೆ ತಡವಾಗುವುದೂ ಇಲ್ಲ.

ಮಗುವಿಗೆ ಚಳಿಯೋ ಸೆಖೆಯೋ ತಿಳಿಯಲು ಅಂಗೈ ಮುಟ್ಟಿ ನೋಡುವ ರೂಢಿ ಇದೆ. ಅದು ಸರಿಯಾದ ಅಳತೆಗೋಲಲ್ಲ; ಆರೋಗ್ಯವಂತ ಎಳೆಮಗುವಿನ ಕೈಕಾಲು ಕೂಡ ತುಸು ತಣ್ಣಗಿರಬಹುದು. ಕತ್ತಿನ ಹಿಂಭಾಗ, ಎದೆ, ಹೊಟ್ಟೆ ಮುಟ್ಟಿ ನೋಡಿ. ಕತ್ತು ಬೆವರಿದ್ದರೆ, ಮುಖ ಕೆಂಪೇರಿದ್ದರೆ ಟೋಪಿ ಮೊದಲು ಹೋಗಬೇಕು, ಆಮೇಲೆ ಸ್ವೆಟರು. ಆಗತಾನೆ ಹುಟ್ಟಿದ ಮಗುವಿನ ವಿಷಯದಲ್ಲಿ ಮಾತ್ರ ಪಾದವನ್ನೂ ನೋಡಬೇಕು; ಅದಕ್ಕೆ ದಾದಿಯರು, ಆಶಾ ಕಾರ್ಯಕರ್ತೆಯರು ಕಲಿಸುವ ಸರಳ ಪರೀಕ್ಷೆಯೊಂದಿದೆ. ಹೊಟ್ಟೆಯೂ ಪಾದವೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ತಾಗುತ್ತಿದೆ, ತಾಯಿಯ ಮೈಗೆ ಒತ್ತಿಕೊಂಡು ಹೊದಿಸಬೇಕು. ಎರಡೂ ತಣ್ಣಗಿದ್ದರೆ ಅದು ಅಪಾಯದ ಸೂಚನೆ. ಮಂಕಾಗಿದ್ದು ಹಾಲು ಕುಡಿಯದಿದ್ದರಂತೂ ಟೋಪಿ–ಕಂಬಳಿ ನೆಚ್ಚಿಕೊಂಡು ಕೂರದೆ, ಎದೆಗವಚಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ಹಾಗಾದರೆ ಟೋಪಿ ಯಾವಾಗ? ಹೊರಗೆ ಹೊರಟಾಗ. ಬೀದರ್, ವಿಜಯಪುರದ ಡಿಸೆಂಬರ್ ಬೆಳಗು, ಮಡಿಕೇರಿಯ ಜುಲೈ ಮಳೆ, ಬೆಂಗಳೂರಿನ ಜನವರಿ ಮುಂಜಾವು, ರಾತ್ರಿ ಬಸ್ಸಿನ ಕಿಟಕಿ ಗಾಳಿ, ಎ.ಸಿ. ರೈಲು: ಇಲ್ಲೆಲ್ಲ ಅದು ದುಡಿಯುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ, ಮಂಗಳೂರಿನ ಬೆವರಿನಲ್ಲಿ ಉಲ್ಲನ್ ಟೋಪಿ ಹಾಕಿದರೆ ಸಿಗುವುದು ಬೆವರುಸಾಲೆಯಷ್ಟೆ. ಬಿಸಿಲಿಗೆ ಬೇಕಾದದ್ದು ಅಂಚು ಅಗಲವಿರುವ ತೆಳು ಹತ್ತಿ ಟೋಪಿ. ನೀವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಎಂಬ ಲೆಕ್ಕ ಸಾಕು. ನೀವು ಬರೀ ಅಂಗಿಯಲ್ಲಿ ಆರಾಮಾಗಿದ್ದೀರಿ ಎಂದರೆ ಮಗುವಿಗೆ ಸ್ವೆಟರ್, ಟೋಪಿ, ಶಾಲು ಮೂರೂ ಬೇಕಿಲ್ಲ. ಒಳಗೆ ಬಂದ ಕೂಡಲೇ ತೆಗೆಯಬೇಕು. ಕಾರಿನೊಳಗೆ ಹೀಟರ್ ಹಾಕಿದರೂ ತೆಗೆಯಬೇಕು. ಮಗು ನಿದ್ದೆಹೋಗಿದೆ, ಎಬ್ಬಿಸುವುದು ಬೇಡ ಎಂದು ಹಾಗೇ ಬಿಡುವ ಆಸೆಯಾಗುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲನೆ ಸುತ್ತಿ ತೆಗೆಯಬಹುದಾದ ಟೋಪಿಯಾಗಿದ್ದರೆ ಮಗುವಿಗೆ ಎಚ್ಚರವೂ ಆಗುವುದಿಲ್ಲ. ಕೊಳ್ಳುವಾಗ ನಾನು ಮೊದಲು ನೋಡುವುದು ಇದನ್ನೇ: ಒಂದು ಕೈಯಲ್ಲಿ, ಸದ್ದಿಲ್ಲದೆ ತೆಗೆಯಲು ಬರುತ್ತದೆಯೇ?

ಇನ್ನು ನೂಲಿನ ವಿಚಾರ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಉಣ್ಣೆಯೇ ಅಲ್ಲ, ಅಕ್ರಿಲಿಕ್. ಚಳಿಗಾಲದಲ್ಲಿ ನಮ್ಮ ಊರುಗಳ ಮೈದಾನದಂಚಿಗೆ ಟಿಬೆಟನ್ನರು ಹಾಕುವ ಸ್ವೆಟರ್ ಅಂಗಡಿಗಳ ಸರಕು ಹೆಚ್ಚಾಗಿ ಲೂಧಿಯಾನದ್ದು. ಅಲ್ಲಿಯೂ ಅಗ್ಗದ ಬೆಲೆಗೆ ಸಿಗುವುದು ಅಕ್ರಿಲಿಕ್ಕೇ. ಅದು ಕೆಟ್ಟದ್ದೆಂದಲ್ಲ. ಮೆತ್ತಗಿರುತ್ತದೆ, ಅಗ್ಗ, ಮೆಶಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಆದರೆ ಅದು ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್ ನೂಲು, ಬೆವರನ್ನು ಹೀರುವುದಿಲ್ಲ. ತಲೆ ಬೆವರಿದರೆ ಬೆವರು ಅಲ್ಲೇ ನಿಲ್ಲುತ್ತದೆ. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹೀಗಾಗಿ ಬಚ್ಚಲೊಲೆಯ ಮುಂದೆ, ಬಾಣಂತಿ ಕೋಣೆಯ ಕೆಂಡದ ಬಳಿ ಅದನ್ನು ಹಾಕಿಸಿ ಕೂರಬಾರದು.

ನಿಜವಾದ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಲು ಒದ್ದೆ ಎನಿಸುವುದಿಲ್ಲ. ಚಳಿಯೂ ಬೆವರೂ ಬೆರೆತ ದಿನಗಳಿಗೆ ಅದಕ್ಕೆ ಸಾಟಿಯಿಲ್ಲ. ಎಲ್ಲ ಉಣ್ಣೆಯೂ ಮಗುವಿಗೆ ಹೊಂದುವುದಿಲ್ಲ ಎಂಬುದು ತೊಡಕು. ಚರ್ಮಕ್ಕೆ ಚುಚ್ಚುವುದು ಉಣ್ಣೆಯ ದಪ್ಪ ಎಳೆಗಳು. ಎಳೆ 30 ಮೈಕ್ರಾನ್ ದಾಟಿದರೆ ತುರಿಕೆ ಶುರು. ನಮ್ಮ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿಮಾಡಿಸಿದ್ದು. ಚಳ್ಳಕೆರೆಯ ಕಂಬಳಿ ಹೊದ್ದವರಿಗೆ ಅದರ ಗುಣವೂ ಗೊತ್ತು, ಅದರ ಚುಚ್ಚೂ ಗೊತ್ತು. ಮಗುವಿನ ಹಣೆಗೆ ಅದು ಬೇಡ. ಮೆರಿನೊ ಕುರಿಯ ಎಳೆ ಇದಕ್ಕಿಂತ ಎಷ್ಟೋ ತೆಳು. ಮಕ್ಕಳ ಬಟ್ಟೆಗೆ ಬಳಸುವುದು 19 ಮೈಕ್ರಾನ್ ಆಸುಪಾಸಿನದು. ಬೆಲೆ ಹೆಚ್ಚು, ಒಗೆಯುವುದು ನಾಜೂಕು. ಮೈಸೂರು–ಬೆಂಗಳೂರಿನ ಚಳಿಗೆ ಮೆರಿನೊ ಬೇಕೇ ಬೇಕೆಂದು ನಾನು ಹೇಳಲಾರೆ. ಟೊರಾಂಟೊದಲ್ಲೋ ಹೆಲ್ಸಿಂಕಿಯಲ್ಲೋ ಇರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಮಾತ್ರ ಇಲ್ಲಿಂದ ಅಕ್ರಿಲಿಕ್ ಟೋಪಿಗಳನ್ನು ತುಂಬಿಕೊಂಡು ಹೋಗುವ ಬದಲು ಅಲ್ಲೇ ಒಂದು ಮೆರಿನೊ ಕೊಳ್ಳುವುದು ಜಾಣತನ. ಫಿನ್ಲೆಂಡ್ ಸರ್ಕಾರವಂತೂ 1938ರಿಂದ ಬಸುರಿಯರಿಗೆ ಮಗುವಿನ ಬಟ್ಟೆಬರೆಯ ಪೆಟ್ಟಿಗೆಯನ್ನೇ ಕೊಡುತ್ತಾ ಬಂದಿದೆ, ಟೋಪಿಗಳೂ ಅದರಲ್ಲಿರುತ್ತವೆ.

ನಮ್ಮ ಹವೆಗೆ, ನನ್ನನ್ನು ಕೇಳಿದರೆ, ಹತ್ತಿಯೇ ಮೊದಲ ಆಯ್ಕೆ. ತಿರುಪ್ಪೂರಿನಿಂದ ಬರುವ ಬನಿಯನ್ ಬಟ್ಟೆಯ ಟೋಪಿ ಕೂಡ ಹೆಣಿಗೆಯದ್ದೇ, ಯಂತ್ರದ ಹೆಣಿಗೆ. ಹತ್ತಿ ಬೆವರು ಹೀರುತ್ತದೆ, ಬಿಸಿನೀರಿಗೆ ಹೆದರುವುದಿಲ್ಲ. ಅದರ ದೋಷ ಎರಡು. ನೂಲಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಿರುಗುವ ಗುಣವಿಲ್ಲ, ಆದ್ದರಿಂದ ಬೇಗ ಸಡಿಲವಾಗುತ್ತದೆ. ಒದ್ದೆಯಾದರೆ ತಣ್ಣಗಾಗಿ ತಲೆಗಂಟುತ್ತದೆ. ತುಸು ಎಲಾಸ್ಟೇನ್ ಬೆರೆತ ರಿಬ್ ಅಂಚಿದ್ದರೆ ಮೊದಲನೆಯದಕ್ಕೆ ಪರಿಹಾರ. ಎರಡನೆಯದಕ್ಕೆ ಚೀಲದಲ್ಲಿ ಇನ್ನೊಂದು ಟೋಪಿ ಇಟ್ಟುಕೊಳ್ಳುವುದೇ ದಾರಿ.

ಲೇಬಲ್ ಇಲ್ಲದ ನೂಲು ಯಾವುದೆಂದು ತಿಳಿಯಬೇಕಾದರೆ ಒಂದು ತುಣುಕು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ. ಕರಗಿ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್. ಬಣ್ಣದ ಪರೀಕ್ಷೆ ಇನ್ನೂ ಸುಲಭ: ಒದ್ದೆ ಬಿಳಿ ಬಟ್ಟೆಯಿಂದ ಟೋಪಿಯ ಒಳಭಾಗ ಉಜ್ಜಿ, ಬಣ್ಣ ಇಳಿದರೆ ವಾಪಸ್ ಕೊಡಿ. ಅಪಾಯಕಾರಿಯೆಂದು ಕಂಡ ಕೆಲವು ಅಜೋ ಬಣ್ಣಗಳನ್ನು ನಮ್ಮ ಸರ್ಕಾರ 1990ರ ದಶಕದಲ್ಲೇ ನಿಷೇಧಿಸಿದೆ, ಆದರೆ ಹೆಸರಿಲ್ಲದ ಸರಕನ್ನು ಪರೀಕ್ಷಿಸಿದವರು ಯಾರು? ‘ಓಯೆಕೋ–ಟೆಕ್ಸ್ ಸ್ಟ್ಯಾಂಡರ್ಡ್ 100’ ಗುರುತಿದ್ದರೆ ಅದರಲ್ಲಿ ‘ಕ್ಲಾಸ್ 1’ ಎಂದಿದೆಯೇ ನೋಡಿ. ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಇರುವ ಬಿಗಿ ದರ್ಜೆ ಅದು. ಗುರುತು ಇರಲಿ, ಇಲ್ಲದಿರಲಿ, ಮೊದಲ ಸಲ ತೊಡಿಸುವ ಮುನ್ನ ಒಗೆಯಬೇಕು.

ಅಳತೆ ‘0–3 ತಿಂಗಳು’ ಎಂಬ ಚೀಟಿಯನ್ನು ನಂಬಿ ಆಗುವ ಕೆಲಸವಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಹುಬ್ಬಿನ ಮೇಲಿಂದ, ಕಿವಿಯ ಮೇಲಾಗಿ, ಹಿಂದಲೆ ಅತಿ ಹೆಚ್ಚು ಉಬ್ಬಿರುವ ಕಡೆ ಟೇಪು ಸುತ್ತಿ ಅಳೆಯಿರಿ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಮೂರು ತಿಂಗಳಿಗೆ 40ರ ಹತ್ತಿರ, ಆರಕ್ಕೆ 43, ವರ್ಷಕ್ಕೆ 45–46. ಮೊದಲ ಮೂರು ತಿಂಗಳು ತಿಂಗಳಿಗೆ ಎರಡು ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುವ ತಲೆಗೆ ನಾಲ್ಕೈದು ಹೊಸ ಟೋಪಿ ಕೊಳ್ಳುವುದು ದುಡ್ಡು ದಂಡ. ಎರಡು ಸಾಕು, ಆಮೇಲೆ ದೊಡ್ಡದು ಎರಡು. ಎಳೆಯದೆ ಮೇಜಿನ ಮೇಲೆ ಹರಡಿದಾಗ ಟೋಪಿಯ ಸುತ್ತಳತೆ ತಲೆಗಿಂತ ಮೂರು–ನಾಲ್ಕು ಸೆಂಟಿಮೀಟರ್ ಕಡಿಮೆ ಇರಬೇಕು. ಆಗಲೇ ಜಾರದೆ ಕೂರುತ್ತದೆ. ಅಂಚಿನ ಕೆಳಗೆ ಬೆರಳು ಸಲೀಸಾಗಿ ತೂರಬೇಕು. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಉಳಿದಿದ್ದರೆ ಬಿಗಿಯಾಯಿತು. ‘ಬೆಳೆಯುತ್ತೆ, ದೊಡ್ಡದೇ ಇರಲಿ’ ಎಂಬ ನಮ್ಮ ಉಳಿತಾಯದ ಬುದ್ಧಿ ಅಂಗಿಗೆ ಸರಿ, ಟೋಪಿಗಲ್ಲ. ದೊಡ್ಡ ಟೋಪಿ ಕಣ್ಣಿಗೆ ಇಳಿಯುತ್ತದೆ, ಅಲ್ಲಿಂದ ಮೂಗಿಗೆ. ಹಾಕುವಾಗ ಕಿವಿಯ ಹಾಲೆ ಮುಂದಕ್ಕೆ ಮಡಚಿಕೊಳ್ಳದಂತೆ ಬೆರಳಿನಿಂದ ಹಿಂದಕ್ಕೆ ಸವರಿ ಕೂರಿಸಿ.

ಲಾಡಿಯನ್ನು ಕತ್ತರಿಸಿ ಎಸೆಯಿರಿ. ಎಷ್ಟು ಚೆಂದವಿದ್ದರೂ, ಯಾರು ಕೊಟ್ಟಿದ್ದರೂ. ಕತ್ತಿಗೆ ಕಟ್ಟಿದ ದಾರ ತೊಟ್ಟಿಲಿಗೋ ಮಂಚದ ಸರಳಿಗೋ ಸಿಕ್ಕಿಕೊಂಡರೆ ಮಗುವಿನ ಉಸಿರೇ ಕಟ್ಟುತ್ತದೆ. ಯುರೋಪಿನ ಸುರಕ್ಷತಾ ಮಾನದಂಡ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ತಲೆ–ಕತ್ತಿನ ಭಾಗಕ್ಕೆ ಎಳೆದು ಕಟ್ಟುವ ದಾರವೇ ಇರಬಾರದು ಎನ್ನುತ್ತದೆ. ಗೊಂಡೆ, ಗುಂಡಿ, ಮಣಿ, ಅಂಟಿಸಿದ ಹೂವು ಇವೂ ಬೇಡ. ಬಿಗಿಯಾಗಿ ಹೊಲಿದಿದ್ದಾರೆ ಎಂಬುದು ಸಮಾಧಾನವಲ್ಲ, ಹಲ್ಲು ಬರುವ ಮಗುವಿನ ವಸಡು ಅದನ್ನು ಸಡಿಲಿಸುತ್ತದೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದೆಲ್ಲ ಗಂಟಲಿಗೆ ಸಿಕ್ಕಬಹುದಾದದ್ದು ಎಂದೇ ತಿಳಿಯಿರಿ. ಟೋಪಿಯನ್ನು ಒಳಮಗ್ಗುಲಾಗಿಸಿಯೂ ನೋಡಿ. ಬಣ್ಣಬಣ್ಣದ ಚಿತ್ತಾರವಿದ್ದರೆ ಒಳಗೆ ಉದ್ದುದ್ದ ಎಳೆಗಳು ಜೋತಿರುತ್ತವೆ, ಪುಟ್ಟ ಬೆರಳುಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಒರಟು ಹೊಲಿಗೆ, ಚುಚ್ಚುವ ಲೇಬಲ್ ಕೂಡ ಒಳಗೇ ಇರುವುದು.

ಹೆಣಿಗೆ ಬಲ್ಲವರು ಮನೆಯಲ್ಲಿದ್ದರೆ ಕೊಳ್ಳುವುದೇ ಬೇಡ. 50 ಗ್ರಾಂನ ಒಂದು ಉಂಡೆ, 4 ಮಿಲಿಮೀಟರ್ ಕಡ್ಡಿ, ಒಂದೆರಡು ಸಂಜೆ ಸಾಕು. ಹತ್ತು ಸೆಂಟಿಮೀಟರಿಗೆ 22 ಹೊಲಿಗೆ ಬೀಳುವ ಮಧ್ಯಮ ದಪ್ಪದ ನೂಲಾದರೆ, ಮೊದಲ ತಿಂಗಳುಗಳ ಟೋಪಿಗೆ 72 ಹೊಲಿಗೆ ಸಡಿಲವಾಗಿ ಎತ್ತಿಕೊಳ್ಳಿ. ಎರಡು ನಿಟ್, ಎರಡು ಪರ್ಲ್ ಲೆಕ್ಕದಲ್ಲಿ ಐದು ಸೆಂಟಿಮೀಟರ್ ರಿಬ್. ತಲೆ ಬೆಳೆದಂತೆ ಹಿಗ್ಗುವುದು ಈ ಭಾಗವೇ. ಆಮೇಲೆ ಒಟ್ಟು ಎತ್ತರ ಹನ್ನೊಂದು ಸೆಂಟಿಮೀಟರ್ ಆಗುವವರೆಗೆ ಸಾದಾ ಹೆಣಿಗೆ. ಬಳಿಕ ಏಳು ಹೊಲಿಗೆ ಹೆಣೆದು ಮುಂದಿನ ಎರಡನ್ನು ಒಂದು ಮಾಡುತ್ತಾ ಸಾಲು ಮುಗಿಸಿ. ಮುಂದಿನ ಸಾಲು ಸಾದಾ. ಅದರ ಮುಂದಿನದರಲ್ಲಿ ಆರು ಹೆಣೆದು ಎರಡನ್ನು ಒಂದು ಮಾಡಿ. ಹೀಗೆ ಇಳಿಸುತ್ತಾ ಹೋಗಿ ಕೊನೆಗೆ ಉಳಿಯುವ ಎಂಟು ಹೊಲಿಗೆಯೊಳಗೆ ನೂಲು ಪೋಣಿಸಿ ಬಿಗಿದು, ತುದಿಯನ್ನು ಒಳಗೆ ಎರಡು ದಿಕ್ಕಿಗೆ ಹೊಲಿದು ಅಡಗಿಸಿ. ಎರಡು ಕಡ್ಡಿಯಲ್ಲಿ ಹೆಣೆದಿದ್ದರೆ ಹಿಂದಿನ ಜೋಡಣೆಯನ್ನು ಚಪ್ಪಟೆಯಾಗಿ ಹೊಲಿಯಬೇಕು, ಮಗು ಒರಗಿದಾಗ ತಲೆಯ ಭಾರ ಬೀಳುವುದು ಅಲ್ಲಿಯೇ. ಜಾಲರಿಯಂಥ ಕ್ರೋಶಾ ಟೋಪಿ ನಾಮಕರಣಕ್ಕೆ ಸೊಗಸು; ಅದರ ತೂತುಗಳಿಗೆ ಬೆರಳು ಸಿಕ್ಕುವುದರಿಂದ ದಿನಬಳಕೆಗೆ ಬೇಡ.

ಒಗೆಯುವ ಸಂಗತಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಹಣೆಯ ದೃಷ್ಟಿಬೊಟ್ಟಿನ ಕಾಡಿಗೆ ಎಲ್ಲವೂ ಮೊದಲು ತಾಗುವುದು ಟೋಪಿಯ ಅಂಚಿಗೆ. ಹತ್ತಿಯದನ್ನು ಬಿಸಿನೀರಿನಲ್ಲಿ ಉಜ್ಜಿ, ಬಿಸಿಲಿಗೆ ಹಾಕಿ, ಯೋಚನೆಯಿಲ್ಲ. ಉಣ್ಣೆಗೆ ಉಗುರುಬೆಚ್ಚಗಿನ ನೀರು, ಮೃದು ಸೋಪು. ಉಜ್ಜದೆ, ಹಿಂಡದೆ ಒತ್ತಿ ತೊಳೆದು, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು. ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗಿ ಗೊಂಬೆಯ ಟೋಪಿಯಾಗುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಬೇಡಿ. ಒಮ್ಮೆ ಜೋತುಬಿದ್ದರೆ ಮತ್ತೆ ಬಿಗಿಯಾಗುವುದಿಲ್ಲ. ಸುಗಂಧದ ಕಂಫರ್ಟ್ ದ್ರಾವಣ ಯಾವುದಕ್ಕೂ ಬೇಕಿಲ್ಲ.

ಅಣ್ಣನ ಟೋಪಿ ತಮ್ಮನಿಗೆ ಬರುವುದು ಒಳ್ಳೆಯ ಪದ್ಧತಿ, ಆದರೆ ಅದು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇತ್ತೇ ಎಂದು ಕೇಳಿಕೊಳ್ಳಿ. ಆ ಬಿಳಿ ನಾಫ್ತಲೀನ್ ಉಂಡೆಯ ಆವಿ ಬಟ್ಟೆಯಲ್ಲಿ ಉಳಿಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಎಣ್ಣೆ ಸವರಿದ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತದೆ. ಕೊರತೆ ಇದೆಯೋ ಇಲ್ಲವೋ ಹೆಚ್ಚಿನ ತಂದೆತಾಯಿಗೆ ತಿಳಿದಿರುವುದಿಲ್ಲ. ಹಳೆಯ ಟೋಪಿಯನ್ನು ಒಗೆದು, ದಿನಗಟ್ಟಲೆ ಗಾಳಿ–ಬಿಸಿಲಿಗೆ ಹರವಿ, ವಾಸನೆಯ ಸುಳಿವೂ ಇಲ್ಲವೆಂದಾದ ಮೇಲೆಯೇ ಬಳಸುವುದು, ಎಳೆಗೂಸಾದರೆ ಬಿಟ್ಟೇಬಿಡುವುದು. ಎತ್ತಿಡುವಾಗ ಚೆನ್ನಾಗಿ ಒಗೆದೊಣಗಿಸಿ, ಗಾಳಿಯಾಡದ ಡಬ್ಬಿಗೆ ಹಾಕಿದರೆ ನುಸಿಗೆ ದಾರಿಯಿಲ್ಲ. ಒಣ ಬೇವಿನೆಲೆ ಇಡಬಹುದು. ಕರ್ಪೂರ ಬೇಡ, ಅದೂ ಮಕ್ಕಳಿಗೆ ವಿಷವೇ.

ಎಂಟು–ಒಂಬತ್ತು ತಿಂಗಳಾಗುತ್ತಿದ್ದಂತೆ ಮಗು ಟೋಪಿಯನ್ನು ತಾನೇ ಕಿತ್ತೆಸೆಯಲು ಕಲಿಯುತ್ತದೆ. ಆಗ ಲಾಡಿ ಹೊಲಿಯುವ ಯೋಚನೆ ಮತ್ತೆ ಬರುತ್ತದೆ. ಅದರ ಬದಲು ಕಿವಿ ಮುಚ್ಚುವಷ್ಟು ಇಳಿದ, ರಿಬ್ ಬಿಗಿಯಿರುವ ಟೋಪಿ ನೋಡಿ. ಹೊರಗೆ ಹೋದಾಗ ಮಾತ್ರ ಹಾಕುವುದನ್ನು ರೂಢಿ ಮಾಡಿದ್ದರೆ ಟೋಪಿ ಕಂಡ ಕೂಡಲೇ ತಿರುಗಾಟಕ್ಕೆ ಹೊರಟೆವೆಂದು ಖುಷಿಯಾಗಿ ತಲೆ ಒಡ್ಡುವ ಮಕ್ಕಳೂ ಇದ್ದಾರೆ. ಸ್ಕೂಟರಿನಲ್ಲಿ ಕರೆದೊಯ್ಯುವ ವಯಸ್ಸೂ ನಮ್ಮಲ್ಲಿ ಇದೇ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅಳತೆಯ ಹೆಲ್ಮೆಟ್, ಸವಾರರ ಮೈಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿಲೊಮೀಟರ್ ಮೀರದ ವೇಗ ಇವು ಫೆಬ್ರವರಿ 2023ರಿಂದ ಕಾನೂನು. ಹೆಲ್ಮೆಟ್ಟಿನ ಒಳಗೆ ದಪ್ಪ ಉಲ್ಲನ್ ಟೋಪಿ ಹಾಕಿದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ತೆಳು ಬನಿಯನ್ ಬಟ್ಟೆಯದೊಂದು ಸಾಕು, ಅದನ್ನೂ ತೊಡಿಸಿಯೇ ಹೆಲ್ಮೆಟ್ಟಿನ ಅಳತೆ ನೋಡಿ.